ಯೂರಿಕ್ ಆಸಿಡ್ ಹೆಚ್ಚಿರುವವರು ತೊಗರಿಬೇಳೆಯನ್ನೂ ಬಿಡಬೇಕೇ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ನನಗೆ 52 ವರ್ಷ. ಎರಡು ವರ್ಷಗಳ ಹಿಂದೆ, ಕೊನೆ ಕೊಯ್ಲಿನ ದಿನಗಳಲ್ಲಿ, ನಡುರಾತ್ರಿ ಎಡಗಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡು, ಹೊದ್ದ ಕಂಬಳಿಯ ಅಂಚು ತಾಗಿದರೂ ಜೀವ ಹೋಗುವಂಥ ನೋವು ಬಂದಿತು. ವೈದ್ಯರು ಗೌಟ್, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು ಎಂದರು. ಅಂದಿನಿಂದ ಮತ್ತೆ ಮೂರು ಬಾರಿ ಹಾಗೆಯೇ ಆಗಿದೆ. ಈಚಿನ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 8.9 (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) ಬಂದಿದ್ದು, ದಿನವೂ ಮಾತ್ರೆ ತೆಗೆದುಕೊಳ್ಳಬೇಕಾಗಬಹುದು ಎಂದಿದ್ದಾರೆ. ಅದಕ್ಕೆ ಮೊದಲು ಪಥ್ಯದಲ್ಲಿಯೇ ಹತೋಟಿಗೆ ತರಲು ನೋಡೋಣವೆಂಬುದು ನನ್ನ ಆಸೆ. ಆದರೆ ಒಬ್ಬರು ತೊಗರಿಬೇಳೆ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಬಸಳೆ, ಹರಿವೆ, ಟೊಮೆಟೊ ಬೇಡ ಎನ್ನುತ್ತಾರೆ, ಮತ್ತೊಬ್ಬರಿಗೆ ಮಜ್ಜಿಗೆಯೇ ವಾತ. ಇವನ್ನೆಲ್ಲ ಬಿಟ್ಟರೆ ನಮ್ಮ ಮನೆಯ ಎಲೆಯ ಮೇಲೆ ಅನ್ನ, ಉಪ್ಪಿನಕಾಯಿಗಳಷ್ಟೇ ಉಳಿದಾವು. ವಾರಕ್ಕೆ ಎರಡು ಬಾರಿ ಆಗುಂಬೆ ಘಾಟಿ ಹತ್ತಿ ಬರುವ ಗಾಡಿಯಿಂದ ಬೂತಾಯಿಯನ್ನೋ ಬಂಗುಡೆಯನ್ನೋ ಕೊಳ್ಳುತ್ತೇವೆ. ಬೆಳಿಗ್ಗೆ ದೋಸೆಗೆ ಜೋನಿ ಬೆಲ್ಲ ಇದ್ದೇ ಇರುತ್ತದೆ. ರಕ್ತದೊತ್ತಡದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ನಿಜವಾಗಿ ಬಿಡಬೇಕಾದದ್ದು ಯಾವುದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಸಾಗರದಿಂದ, ಆರು ವರ್ಷದ ಗೌಟ್ ರೋಗಿ

ನಾನು ಒಂದು ವರ್ಷ ಬೇಳೆ ಮುಟ್ಟಲಿಲ್ಲ. ಮೈ ಇಳಿಯಿತೇ ಹೊರತು ನೋವು ಬರುವುದು ನಿಲ್ಲಲಿಲ್ಲ. ಆಮೇಲೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಸುತ್ತು ಹಾಕಿ, ಅದರ ಹಿಂದಿನ ಎರಡು ದಿನ ಏನು ತಿಂದೆ, ಎಷ್ಟು ನೀರು ಕುಡಿದೆ ಎಂದು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದೆ. ವರ್ಷದ ಕೊನೆಗೆ ನೋಡಿದರೆ ಐದು ಸುತ್ತುಗಳಲ್ಲಿ ಮೂರರ ಹಿಂದೆ ಕುರಿಯ ಲಿವರ್ ಅಥವಾ ಬೋಟಿ, ಜೊತೆಗೆ ಬಿಯರ್ ಇತ್ತು. ನಾಲ್ಕನೆಯದು ತೂಕ ಇಳಿಸಲೆಂದು ಎರಡು ದಿನ ಬರಿ ನೀರಿನಲ್ಲಿ ಉಪವಾಸ ಮಾಡಿದಾಗ ಬಂದದ್ದು. ಐದನೆಯದಕ್ಕೆ ಕಾರಣ ಇಂದಿಗೂ ಗೊತ್ತಾಗಿಲ್ಲ. ಬೇಳೆ ಮಾತ್ರ ಯಾವ ಸುತ್ತಿನ ಹತ್ತಿರವೂ ಇರಲಿಲ್ಲ, ಏಕೆಂದರೆ ಬೇಳೆಯನ್ನು ನಾನು ತಿನ್ನುತ್ತಲೇ ಇರಲಿಲ್ಲವಲ್ಲ! ಯಾರೋ ಹೇಳಿದರೆಂದು ಮುರುಗಲು ಶರಬತ್ತನ್ನೂ ಕುಡಿದೆ. ಅದರಲ್ಲಿ ಮುರುಗಲಿಗಿಂತ ಸಕ್ಕರೆಯೇ ಹೆಚ್ಚಿತ್ತು.

ಉತ್ತರ: ಶಿವಮೊಗ್ಗದಿಂದ, ಆಹಾರ ಸಲಹೆಗಾರ್ತಿ

ಸಾಗರದವರ ಕ್ಯಾಲೆಂಡರು ಹೇಳುವುದನ್ನೇ ದೊಡ್ಡ ಅಧ್ಯಯನವೊಂದೂ ಹೇಳಿದೆ. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಮಾಂಸ ಮತ್ತು ಸಮುದ್ರದ ಆಹಾರವನ್ನು ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚಿತ್ತು, ಹಾಲಿನ ಪದಾರ್ಥಗಳನ್ನು ಹೆಚ್ಚು ಬಳಸುವವರಲ್ಲಿ ಕಡಿಮೆಯಿತ್ತು. ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಮಾರ್ಪಡುವ ಪ್ಯೂರಿನ್ ಎಂಬ ಅಂಶ ಹೆಚ್ಚಿರುವ ಬೇಳೆಕಾಳು, ತರಕಾರಿಗಳಿಂದ ಅಪಾಯವೇನೂ ಏರಿರಲಿಲ್ಲ. ಆದ್ದರಿಂದ ನಿಮ್ಮ ಬೇಳೆಯ ಹುಳಿ, ಬಸಳೆ, ಒಂದೆಲಗದ ತಂಬುಳಿ ಎಲ್ಲವೂ ಇರಲಿ. ಮಜ್ಜಿಗೆಯನ್ನಂತೂ ಬಿಡಲೇಬೇಡಿ.

ಬಿಡಬೇಕಾದವು ಲಿವರ್, ಕಿಡ್ನಿ, ಬೋಟಿ ಮತ್ತು ಮದ್ಯ, ಅದರಲ್ಲಿಯೂ ಬಿಯರ್. ಬೂತಾಯಿಯಲ್ಲಿ ಪ್ಯೂರಿನ್ ಬಹಳ. ಮೀನು ಬೇಕೇಬೇಕೆಂದರೆ ವಾರಕ್ಕೊಮ್ಮೆ, ಬೇರೆ ಜಾತಿಯದು, ಒಂದೆರಡು ತುಂಡು ಸಾಕು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಜೋನಿ ಬೆಲ್ಲ. ಸಕ್ಕರೆಯಾಗಲಿ ಬೆಲ್ಲವಾಗಲಿ ಹೊಟ್ಟೆಯಲ್ಲಿ ಒಡೆದಾಗ ಸುಮಾರು ಅರ್ಧಪಾಲು ಫ್ರಕ್ಟೋಸ್ ಆಗುತ್ತದೆ, ಅದನ್ನು ಯಕೃತ್ತು ಅರಗಿಸುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಬೆಲ್ಲ ಮನೆಯ ಆಲೆಮನೆಯದು ಎಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಸಿಗುವುದಿಲ್ಲ. ಮೂತ್ರಪಿಂಡ ಮತ್ತು ಹೃದಯದ ತೊಂದರೆ ಇಲ್ಲದಿದ್ದರೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಕುಡಿಯಿರಿ.

ಇಷ್ಟು ಮಾಡಿದರೂ ಪಥ್ಯದಿಂದ ಇಳಿಯುವುದು ಸಾಮಾನ್ಯವಾಗಿ ಒಂದು ಅಂಕಿಯ ಆಸುಪಾಸಷ್ಟೇ, ಏಕೆಂದರೆ ಮೈಯಲ್ಲಿರುವ ಯೂರಿಕ್ ಆಸಿಡ್‌ನ ಸುಮಾರು ಮೂರರಲ್ಲಿ ಎರಡು ಪಾಲು ದೇಹವೇ ತಯಾರಿಸಿದ್ದು. ಅದು 6.8 ದಾಟಿದಾಗ ಹರಳುಗಟ್ಟಲು ಆರಂಭಿಸುತ್ತದೆ, ಚಿಕಿತ್ಸೆಯ ಗುರಿ ಆರಕ್ಕಿಂತ ಕೆಳಗೆ. 8.9ರಿಂದ ಅಲ್ಲಿಗೆ ಪಥ್ಯವೊಂದರಿಂದಲೇ ತಲುಪುವುದು ಕಷ್ಟ. ಎರಡು ವರ್ಷದಲ್ಲಿ ನಾಲ್ಕು ಬಾರಿ ನೋವುಂಡ ನೀವು ಮಾತ್ರೆಯ ಮಾತನ್ನು ಮುಂದೂಡಬಾರದೆಂಬುದು ನನ್ನ ಅಭಿಪ್ರಾಯ.

ಉತ್ತರ: ಹೊಸನಗರದಿಂದ, ಔಷಧಿ ಅಂಗಡಿಯವರು

ರಕ್ತದೊತ್ತಡದ ಮಾತ್ರೆಯ ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂದಿದೆಯೇ ನೋಡಿ. ಹೆಚ್ಚು ಮೂತ್ರ ಹೋಗಿಸುವ ಈ ಔಷಧಿ ಯೂರಿಕ್ ಆಸಿಡ್ ಅನ್ನು ಏರಿಸುತ್ತದೆ. ಇದ್ದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸಿ. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸುವುದುಂಟು. ನಮ್ಮಲ್ಲಿಗೆ ಬರುವ ಅನೇಕರು ಆಗಲೇ ‘ಮಾತ್ರೆ ಹಿಡಿಯಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ, ಹಾಗೆ ಬಿಡಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಪಟ್ಟಿಯ ಹಿಂಬದಿಯಲ್ಲಿ ಹೊಸನಗರದವರು ಹೇಳಿದ ಹೆಸರೇ ಇದೆ. ಸೋಮವಾರ ಅದನ್ನು ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗುತ್ತೇನೆ. ಒಂದು ಸಂಶಯ ಉಳಿದಿದೆ. ಮಳೆಗಾಲಕ್ಕೆಂದು ಒಣ ಸಿಗಡಿ ಕಟ್ಟಿಟ್ಟಿದ್ದೇವೆ. ನಾನು ತುಂಡು ತಿನ್ನದೆ ಬರಿ ಸಾರನ್ನು ಹಾಕಿಕೊಂಡರೆ ಆದೀತೇ?

ಉತ್ತರ: ಶಿವಮೊಗ್ಗದಿಂದ, ಆಹಾರ ಸಲಹೆಗಾರ್ತಿ

ಆಗದು. ಬೇಯುವಾಗ ಪ್ಯೂರಿನ್ ನೀರಿಗೆ ಇಳಿಯುವುದರಿಂದ ಸಾರಿನಲ್ಲಿಯೂ ಅದು ಸಾಕಷ್ಟಿರುತ್ತದೆ. ಕಾಲು ಸೂಪಿಗೂ ಇದೇ ಮಾತು. ಒಣಗಿದ ಸಿಗಡಿಯಲ್ಲಿ ನೀರು ಹೋಗಿ ಅದು ಇನ್ನಷ್ಟು ಸಾಂದ್ರವಾಗಿರುತ್ತದೆ. ಮನೆಯವರು ತಿನ್ನಲಿ, ನಿಮ್ಮ ಅನ್ನಕ್ಕೆ ಅಪ್ಪೆಹುಳಿ ಇರಲಿ.