ಡಿಆಕ್ಟಿವೇಟ್ ಲಿಂಕ್ ಒತ್ತಲು ಬರುತ್ತಿಲ್ಲ

ಕಾಫಿಕಣ, ಮಡಿಕೇರಿ: ಹೋಂಸ್ಟೇ ಸೈಟು, ವರ್ಡ್‌ಪ್ರೆಸ್ 6.5. ಆನ್‌ಲೈನ್ ಅಂಗಡಿಯ ಪ್ಲಗಿನ್ (ಸೈಟಿಗೆ ಸೇರಿಸುವ ತಂತ್ರಾಂಶ) ವೂಕಾಮರ್ಸ್ ನಿಲ್ಲಿಸಬೇಕು, ಆದರೆ ಡಿಆಕ್ಟಿವೇಟ್ ಒತ್ತಲು ಬಿಡುತ್ತಿಲ್ಲ. ಬುಕಿಂಗ್ ಆಡ್‌ಆನ್ ಅದರ ಮೇಲೇ ನಿಂತಿದೆ. ಏನು ದಾರಿ?

ಕೋಡ್‌ಕಾರ: ಅದು ದೋಷವಲ್ಲ. 2024ರ 6.5ರಿಂದ ಬಂದ ವ್ಯವಸ್ಥೆ. ಆಡ್‌ಆನ್‌ನ ಮುಖ್ಯ ಪಿಎಚ್‌ಪಿ ಫೈಲಿನ ಹೆಡರ್‌ನಲ್ಲಿ ಯಾವ ಪ್ಲಗಿನ್ ಬೇಕೆಂದು ಹೇಳುವ ‘ರಿಕ್ವೈರ್ಸ್ ಪ್ಲಗಿನ್ಸ್’ ಸಾಲಿರುತ್ತದೆ, ನೋಡಿ. ಮೊದಲು ಆಡ್‌ಆನ್ ನಿಲ್ಲಿಸಿ, ಆಮೇಲೆ ವೂಕಾಮರ್ಸ್. ಮತ್ತೆ ಚಾಲೂ ಮಾಡುವಾಗ ಉಲ್ಟಾ.

ವಿರಾಜಪೇಟೆ ವೆಬ್: ಆ ಸಾಲಿನಲ್ಲಿ ಸ್ಲಗ್ (ಪ್ಲಗಿನ್ನಿನ ಗುರುತಿನ ಚಿಕ್ಕ ಹೆಸರು) ಮಾತ್ರ ಬರೆಯಬಹುದು, ಆವೃತ್ತಿ ಸಂಖ್ಯೆ ಹಾಕುವ ಹಾಗಿಲ್ಲ. ದೊಡ್ಡ ಕೊರತೆ ಅದೇ. ವೂಕಾಮರ್ಸ್ ಹೊಸದಾಗಿ ಆಡ್‌ಆನ್ ಹಳೆಯದೇ ಉಳಿದರೆ ಈ ವ್ಯವಸ್ಥೆ ತುಟಿಪಿಟಿಕ್ಕೆನ್ನದು. ಚೆಕ್‌ಔಟ್ ಕೆಟ್ಟಾಗಲೇ ಗೊತ್ತಾಗುವುದು. ಎರಡಕ್ಕೂ ಆಟೋ ಅಪ್‌ಡೇಟ್ ಆಫ್ ಮಾಡಿ, ಸ್ಟೇಜಿಂಗ್‌ನಲ್ಲಿ (ಸೈಟಿನ ಪರೀಕ್ಷಾ ಪ್ರತಿ) ಒಂದು ಬುಕಿಂಗ್ ಪೂರ್ತಿ ಮಾಡಿ ನೋಡಿ. ಡ್ಯಾಶ್‌ಬೋರ್ಡೇ ತೆರೆಯದಿದ್ದರೆ ಎಫ್‌ಟಿಪಿಯಲ್ಲಿ (ಸರ್ವರ್ ಫೈಲುಗಳನ್ನು ನೇರ ತೆರೆಯುವ ದಾರಿ) ಆಡ್‌ಆನ್ ಫೋಲ್ಡರಿನ ಹೆಸರು ಬದಲಿಸಿ, ಆಡ್‌ಆನ್ ನಿಲ್ಲುತ್ತದೆ. ಡೇಟಾಬೇಸ್‌ನಲ್ಲಿರುವ ಬುಕಿಂಗ್ ಎಲ್ಲೂ ಹೋಗದು.

ಕೋಡ್‌ಕಾರ: ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ನೆಟ್ ನಂಬಿ ಅಪ್‌ಡೇಟ್ ಒತ್ತಬೇಡಿ, ವಾರಾಂತ್ಯವಂತೂ ಬೇಡ. ಅರ್ಧಕ್ಕೆ ನಿಂತು ಮೇಂಟೆನೆನ್ಸ್ ಸಂದೇಶ ಉಳಿದರೆ ರೂಟ್ ಫೋಲ್ಡರಿನ ‘ಡಾಟ್ ಮೇಂಟೆನೆನ್ಸ್’ ಫೈಲ್ ಅಳಿಸಿ. 10 ನಿಮಿಷ ಕಳೆದರೆ ವರ್ಡ್‌ಪ್ರೆಸ್ಸೇ ಅದನ್ನು ಲೆಕ್ಕಕ್ಕಿಡುವುದಿಲ್ಲ. ಆಮೇಲೆ ಆ ಪ್ಲಗಿನ್ ಪೂರ್ತಿ ಬಂದಿದೆಯೇ ಎಂದು ನೋಡಿ.