ಸಹಾಯ ಬೇಕು: ಒಂದೇ ವಿಲ್, ಎರಡು ಕೋರ್ಟಾ?

ಕಾನೂನಿನ ಇತಿಹಾಸ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ಸೆಮಿನಾರ್‌ಗೆ ಇಂಗ್ಲೆಂಡಿನ ಹಳೇ ವಿಲ್‌ಗಳ ಬಗ್ಗೆ ಬರೆಯುತ್ತಾ ತಲೆ ಕೆಟ್ಟುಹೋಗಿದೆ.

1540ರ ಕಾಯ್ದೆ ಬಂದ ಮೇಲೆ ಜಮೀನನ್ನೂ ವಿಲ್‌ನಲ್ಲಿ ಬರೆದುಕೊಡಬಹುದಾಯಿತು. ಆದರೆ ಪ್ರೊಬೇಟ್ (ವಿಲ್ ಅಸಲಿ ಎಂದು ಒಪ್ಪಿ ಕೊಡುವ ಪತ್ರ) ಕೊಡುತ್ತಿದ್ದದ್ದು ಚರ್ಚ್ ಕೋರ್ಟು. ತಕರಾರು ಇಲ್ಲದಿದ್ದರೆ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವನು) ಪ್ರಮಾಣ ಮಾಡಿದರೆ ಸಾಕು, ಸೀಲ್ ಬೀಳುತ್ತಿತ್ತು. ಇಲ್ಲಿವರೆಗೆ ಸರಿ. ಆದರೆ ಆ ಪ್ರೊಬೇಟ್ ಪಾತ್ರೆ, ದನ, ದುಡ್ಡಿಗೆ ಮಾತ್ರವಂತೆ. ಜಮೀನಿಗೆ ಲೆಕ್ಕಕ್ಕೇ ಇಲ್ಲವಂತೆ! ಜಮೀನಿನ ವಿಲ್‌ಗೆ 1677ರ ಕಾಯ್ದೆ ಪ್ರಕಾರ ಕನಿಷ್ಠ ಮೂವರು ಸಾಕ್ಷಿ ಬೇರೆ ಬೇಕು. ಲೈಬ್ರರಿಯಲ್ಲಿದ್ದ ಎರಡು ಪುಸ್ತಕ ತಿರುವಿದೆ, ಮೇಷ್ಟ್ರನ್ನೂ ಕೇಳಿದೆ. ಮುಂದಿನದ್ದು ಸಿಗಲಿಲ್ಲ.

ಮೂಲ ವಿಲ್ ಚರ್ಚ್ ಕೋರ್ಟಿನಲ್ಲೇ ಉಳಿಯುತ್ತಿತ್ತು ಅಲ್ವಾ? ಹಾಗಾದರೆ 1700ರ ಸುಮಾರಿಗೆ ಜಮೀನಿನ ಕೇಸು ಬಿದ್ದರೆ ಆ ಮೂಲ ವಿಲ್ಲನ್ನು ಕಾಮನ್ ಲಾ ಕೋರ್ಟಿಗೆ (ಜಮೀನಿನ ವ್ಯಾಜ್ಯ ನೋಡುತ್ತಿದ್ದ ರಾಜನ ಕೋರ್ಟಿಗೆ) ಯಾರು ತರುತ್ತಿದ್ದರು? ಸುಮ್ನೆ ನಕಲು ಕೊಟ್ಟರೆ ನಡೆಯುತ್ತಿತ್ತಾ?