ನೀಮ್‌ನ ರೋಮನ್ ದೇವಾಲಯ: ನೋಡಿಬಂದವರ ಸಲಹೆಗಳು

ಪ್ರಶ್ನೆ: ದಕ್ಷಿಣ ಫ್ರಾನ್ಸ್‌ಗೆ ಹೊರಟಿದ್ದೇವೆ. ನೀಮ್ ಪಟ್ಟಣದ ಮೇಜೋಂ ಕಾರೆ ದೇವಾಲಯಕ್ಕೆ ಅರ್ಧ ದಿನ ಮೀಸಲಿಡಬಹುದೇ? ಒಳಗೆ ನೋಡಲು ಏನೂ ಇಲ್ಲವಂತೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ: ಒಳಗೆ ಇಲ್ಲ, ನಿಜ. ಆದರೆ ರೋಮನ್ನರ ಕಾಲದಲ್ಲೂ ಜನ ಸೇರುತ್ತಿದ್ದದ್ದು ಹೊರಗೇ. ಒಳಕೋಣೆ ಮೂರ್ತಿಗೆ, ಬಲಿ, ಪೂಜೆಗಳು ದೇವಾಲಯದ ಮುಂದಿನ ಬಲಿಪೀಠದಲ್ಲಿ. ಆದ್ದರಿಂದ ನೀವೂ ಹೊರಗೇ ನಿಧಾನವಾಗಿ ನೋಡಿ. ಪಕ್ಕಕ್ಕೆ ಹೋಗಿ ನಿಂತರೆ ಸ್ವಾರಸ್ಯ ತಿಳಿಯುತ್ತದೆ. ಒಟ್ಟು 30 ಕಂಬಗಳಲ್ಲಿ ಮುಖಮಂಟಪದ 10 ಮಾತ್ರ ಬಿಡಿಯಾಗಿ ನಿಂತಿವೆ, ಉಳಿದ 20 ಗೋಡೆಯಲ್ಲಿ ಅರ್ಧ ಹುದುಗಿವೆ. ದೂರದಿಂದ ಪ್ರದಕ್ಷಿಣೆಗೆ ಜಾಗವಿರುವಂತೆ ಕಾಣುತ್ತದೆ, ಹತ್ತಿರ ಹೋದರೆ ಗೋಡೆ! ಗ್ರೀಕರು ಸುತ್ತಲೂ ಕಂಬಸಾಲು ನಿಲ್ಲಿಸಿ ನಾಲ್ಕೂ ಕಡೆಯಿಂದ ಮೆಟ್ಟಿಲಿಡುತ್ತಿದ್ದರು. ರೋಮನ್ನರು ಆ ನೋಟವನ್ನು ಉಳಿಸಿಕೊಂಡು, ಎತ್ತರದ ಜಗತಿಯ ಮೇಲೆ ಕಟ್ಟಿ, ಮೆಟ್ಟಿಲನ್ನು ಎದುರಿಗಷ್ಟೇ ಇಟ್ಟರು. ಎಲ್ಲರೂ ಎದುರಿನಿಂದಲೇ ನೋಡಬೇಕೆಂಬ ಹಟ ಇದರಲ್ಲಿದೆ ಎಂದು ನನಗನ್ನಿಸುತ್ತದೆ.

ಮತ್ತೊಬ್ಬರು: ಬೈನಾಕ್ಯುಲರ್ ಒಯ್ಯಿರಿ. ಮುಂಭಾಗದ ಕಂಬಗಳ ಮೇಲಿನ ತೊಲೆಯಲ್ಲಿ ಅಕ್ಷರಗಳಿಲ್ಲ, ತೂತುಗಳಿವೆ. ಅಲ್ಲಿದ್ದ ಕಂಚಿನ ಅಕ್ಷರಗಳು ಎಂದೋ ಮಾಯವಾಗಿದ್ದವು. ಅವುಗಳ ಮೊಳೆ ಕೂರಿಸಿದ್ದ ತೂತುಗಳ ಜೋಡಣೆಯಿಂದಲೇ 1758ರಲ್ಲಿ ನೀಮ್‌ನ ವಿದ್ವಾಂಸ ಝಾಂ ಫ್ರಾನ್ಸ್ವಾ ಸೆಗಿಯೆ ಶಾಸನವನ್ನು ಓದಿದ. ದೇವಾಲಯ ಅರ್ಪಿತವಾದದ್ದು ಗೈಯುಸ್ ಮತ್ತು ಲೂಸಿಯುಸ್ ಅವರಿಗೆ. ಇಬ್ಬರೂ ಅಗಸ್ಟಸ್ ಚಕ್ರವರ್ತಿಯ ಮಗಳ ಮಕ್ಕಳು, ಅವನು ದತ್ತು ಪಡೆದ ಉತ್ತರಾಧಿಕಾರಿಗಳು. ಪಟ್ಟವೇರುವ ಮೊದಲೇ ಒಬ್ಬ ಕ್ರಿ.ಶ. 2ರಲ್ಲಿ, ಇನ್ನೊಬ್ಬ 4ರಲ್ಲಿ ತೀರಿಕೊಂಡರು. ಬರೀ ತೂತುಗಳಿಂದ ಇಷ್ಟು ತಿಳಿಯಿತಲ್ಲ, ಶಾಸನಪ್ರಿಯರಿಗೆ ಇನ್ನೇನು ಬೇಕು?

ಮಗದೊಬ್ಬರು: ಅರ್ಧ ದಿನ ಇದೊಂದಕ್ಕೇ ಬೇಡ. ಒಂದು ಗಂಟೆ ಸಾಕು, ಮಿಕ್ಕಿದ್ದನ್ನು ನಡೆದೇ ಹೋಗಬಹುದಾದ ರೋಮನ್ ಕ್ರೀಡಾಂಗಣಕ್ಕೆ ಕೊಡಿ. ಮೇಲಿನವರು ಹೇಳದೆ ಬಿಟ್ಟ ಒಂದು ಮಾತು: ಕಟ್ಟಡ ಉಳಿದದ್ದು ಖಾಲಿ ಬೀಳದಿದ್ದ ಕಾರಣಕ್ಕೆ. ಮನೆ, ಕುದುರೆಲಾಯ, ಚರ್ಚ್, ದಾಖಲೆಗಳ ಕಚೇರಿ, ಎಲ್ಲವೂ ಆಯಿತು. ಯುನೆಸ್ಕೋ ಪಟ್ಟಿಗೆ ಸೇರಿದ್ದು ಮಾತ್ರ 2023ರಲ್ಲಿ. ಎದುರಿಗೇ ನಾರ್ಮನ್ ಫಾಸ್ಟರ್ ವಿನ್ಯಾಸದ ಗಾಜಿನ ಕಲಾಸಂಗ್ರಹಾಲಯವಿದೆ, 1993ರದ್ದು. ಅದರ ತೆಳ್ಳನೆಯ ಕಂಬಗಳು ಎರಡು ಸಾವಿರ ವರ್ಷ ಹಳೆಯ ನೆರೆಮನೆಗೆ ಕೊಟ್ಟ ಮರ್ಯಾದೆ. ಸೋಮವಾರ ಹೋಗಬೇಡಿ, ಅಂದು ಸಂಗ್ರಹಾಲಯಕ್ಕೆ ರಜೆ.